ದೇವರ ಗೂಡಿನ ಪುಸ್ತಕ

ಹೊನ್ನಾವರ,
ಸೋಮವಾರ, ತಾ. ೨೧-೯-೧೯೬೪

ಚಿ. ಸೌ. ವನಮಾಲಾಳಿಗೆ, ನಿನ್ನ ಅಪ್ಪ ಜಟ್ಟಿ ನಾಯ್ಕ ಹಂಚಿನ ವಖಾರಿಯಲ್ಲಿ ಕೂತು ಬರೆಯುವುದು.

ನಾನು ಗಟ್ಟಿಯಿದ್ದೇನೆ. ಎಡ ಮೊಣಕಾಲೊಂದನ್ನು ಬಿಟ್ಟರೆ ಉಳಿದ ಸಾಮಾನು ಸರಿಯಾಗಿಯೇ ಇದೆ. ಅಳಿಯಂದಿರು, ನಿನ್ನ ಅತ್ತೆಯವರು, ಮೂರು ಕೂಸುಗಳು ಹೇಗಿದ್ದಾರೆಂದು ಬರೆ. ನೀನು ಹೇಗಿದ್ದೀಯೆಂದು ಮಾತ್ರ ಬರೆಯಬೇಡ. ಅದನ್ನು ನೀನು ಸರಿಯಾಗಿ ಬರೆಯುವುದಿಲ್ಲ. ಸಾಲುಗಳ ನಡುವೆ ನಾನೇ ಹುಡುಕಿಕೊಳ್ಳುತ್ತೇನೆ.

ನಿನ್ನ ಕಾಗದ ಬಂದು ಇಂದಿಗೆ ಇಪ್ಪತ್ತಾರು ದಿನ. ನಡುವೆ ಚೌತಿಯೂ ಕಳೆದುಹೋಯಿತು. ಮಂಗಳೂರಿನ ಕಾರ್ಖಾನೆಯವರಿಗಾದರೆ ಅದೇ ದಿನದ ಟಪಾಲಿಗೆ ಉತ್ತರ ಹಾಕುವವ ನಾನು. ಹೆತ್ತ ಮಗಳಿಗೆ ಇಪ್ಪತ್ತಾರು ದಿನ. ಮಳೆಗೆ ಟಪಾಲಿನ ಚೀಲ ಶರಾವತಿ ದಾಟಲಿಲ್ಲ ಎಂದು ಬರೆದರೆ ನೀನು ನಂಬುತ್ತಿದ್ದೆ. ಆದರೆ ಈ ಕಾಗದದಲ್ಲಿ ಸುಳ್ಳು ಬರೆಯಬಾರದೆಂದು ಕೂತಿದ್ದೇನೆ. ಅದಕ್ಕೇ ತಡವಾದದ್ದು. ಮೂರು ಸಲ ಬರೆಯಲು ಕೂತೆ. ಮೊದಲ ಸಲ ಗಿರಾಕಿ ಬಂದ. ಎರಡನೆಯ ಸಲ ಗಿರಾಕಿ ಬರಲಿ ಎಂದು ನಾನೇ ಬಾಗಿಲು ನೋಡುತ್ತ ಕೂತೆ. ಮೂರನೆಯ ಸಲ ಬರೆದದ್ದನ್ನು ಓದಿ ನೋಡಿದರೆ ಹಂಚಿನ ದರ, ಮಳೆ, ಮೊಣಕಾಲು ಬಿಟ್ಟು ಬೇರೆ ಎಂತದೂ ಇರಲಿಲ್ಲ. ಹರಿದು ಹಾಕಿದೆ.

ನೀನು ಕೇಳಿದ್ದು ಒಂದೇ ಮಾತು. ಮೂರನೆಯ ಹೆರಿಗೆ ಕುಮಟೆಯ ಡಾಕ್ಟರಬಾಯಿಯವರ ಹತ್ತಿರ ಆಯಿತಲ್ಲ, ಹೊರಡುವ ದಿನ ಅವರು ಅಳಿಯಂದಿರೊಬ್ಬರನ್ನೇ ಒಳಗೆ ಕರೆದು ಮಾತಾಡಿದರು. ಹೊಳೆ ದಾಟುವಾಗ ದೋಣಿಯಲ್ಲಿ, ಬಾಯಿಯವರು ಎಂತ ಹೇಳಿದರು ಎಂದು ನೀನು ಕೇಳಿದೆ. ‘ಎಂತದೂ ಇಲ್ಲ, ಹಾಲು ತುಪ್ಪ ಚಲೋ ಉಣ್ಬೇಕಂತೆ’ ಎಂದರು ಅಳಿಯ ವೆಂಕಟ. ಅದಾಗಿ ಎಂಟು ತಿಂಗಳು. ಇಂದಿಗೂ ಬಾವಿಯಿಂದ ಎರಡು ಕೊಡ ನೀರೆತ್ತಿದರೆ ನಿನಗೆ ಕಣ್ಣು ಕತ್ತಲೆ ಬರುತ್ತದೆ. ಅತ್ತೆಯವರು ಗಂಡು ಕೂಸಿಗೆಂದು ಆಗಲೇ ಹರಕೆ ಹೊತ್ತಾಗಿದೆ. ‘ಅಪ್ಪಾ, ಡಾಕ್ಟರಬಾಯಿ ನಿಮಗೆ ಗುರ್ತು. ಅವರು ಇವರಿಗೆ ಎಂತ ಹೇಳಿದ್ದು ಎಂದು ಕೇಳಿ ನನಗೆ ಬರೆಯಿರಿ’ ಎಂದು ಬರೆದಿದ್ದೀಯ.

ಹಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಬಿರುಕು ಹೇಳುವುದೇ ನನ್ನ ಹೊಟ್ಟೆಪಾಡು. ಗಟ್ಟಿ ಹಂಚು ಗಂಟೆಯ ಹಾಗೆ ದನಿ ಕೊಡುತ್ತದೆ; ಬಿರುಕಿದ್ದದ್ದು ಕೆಮ್ಮಿದ ಹಾಗೆ. ಆ ಹಾಲು ತುಪ್ಪದ ಮಾತನ್ನು ಓದಿದಾಗ ಕೆಮ್ಮು ಕೇಳಿಸಿತು. ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿದವ, ಅಂಗಿ ಬದಲಿಸಿದಾಗಲೆಲ್ಲ ಅದನ್ನೂ ಬದಲಿಸುತ್ತ ಇಷ್ಟು ದಿನ ತಿರುಗಿದೆ.

ಭಟ್ಕಳ ದೂರವೇನಲ್ಲ. ಒಂದು ಹೊಳೆ, ಒಂದು ಬಸ್ಸು. ಎದುರು ಕೂತು ಹೇಳಬಹುದು. ಆದರೆ ನಿನ್ನ ಮನೆಯ ಜಗಲಿಯಲ್ಲಿ ಅತ್ತೆಯವರು ಬೆಲ್ಲ ನೀರು ಕೊಟ್ಟು ಎದುರಿಗೆ ಕೂತರೆ ನಾನು ಮತ್ತೆ ಹಂಚಿನ ದರವನ್ನೇ ಮಾತಾಡಿ ಬರುತ್ತೇನೆ. ಕಾಗದವೇ ವಾಸಿ. ಇದರ ಎದುರು ತಲೆ ತಗ್ಗಿಸಿದರೂ ಯಾರಿಗೂ ಕಾಣುವುದಿಲ್ಲ.

ಉತ್ತರ ಬರೆಯುತ್ತೇನೆ. ಅದಕ್ಕೆ ಮೊದಲು ಪುಸ್ತಕದ ಕಥೆ ಕೇಳಬೇಕು. ಏಕೆಂದರೆ ನೀನು ಕೇಳಿದ್ದರ ಅರ್ಧ ಉತ್ತರ ಎರಡು ವರ್ಷದಿಂದ ನಿನ್ನ ಮನೆಯೊಳಗೇ ಇದೆ.

ಎರಡು ವರ್ಷದ ಹಿಂದೆ ಡಾಕ್ಟರಬಾಯಿ ವಖಾರಿಗೆ ಬಂದರು. ಹಂಚಿಗೆ ಬಂದರೆಂದು ಎದ್ದು ನಿಂತೆ. ಒಂದು ಕಟ್ಟು ಕಾಗದವನ್ನು ಮೇಜಿನ ಮೇಲಿಟ್ಟು, ‘ನಾಯ್ಕರೇ, ತೆಂಗಿನ ಮಡಲು ಹೊದೆಸಿದ ಮನೆಯಲ್ಲಿ ಸುಖವಾಗಿದ್ದವರಿಗೂ ಹಂಚು ಬೇಕು ಅನ್ನಿಸ್ತೀರಂತೆ. ಇದನ್ನು ಬೇಕು ಅನ್ನಿಸಿ ನೋಡೋಣ’ ಎಂದರು. ಓದಿದೆ. ಹೆಂಗಸರ ಮುಟ್ಟು, ಬಸಿರು, ಹೆರಿಗೆ. ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಮೈಗೆ ಎಷ್ಟು ವರ್ಷ ಬೇಕು. ಸಾಕೆನಿಸಿದರೆ ನಿಲ್ಲಿಸುವ ದಾರಿ ಯಾವುದು. ಊರೂರು ಬಂದರು ಸುತ್ತಿದ ಗಂಡ ಮನೆಗೆ ತರುವ ರೋಗ ಎಂತದು, ಅದಕ್ಕೆ ಮದ್ದು ಎಲ್ಲಿ. ಎಲ್ಲ ನಮ್ಮ ಜನಕ್ಕೆ ತಿಳಿಯುವ ಕನ್ನಡದಲ್ಲಿ, ಸುತ್ತು ಬಳಸಿಲ್ಲದೆ. ಓದಿ ಮುಗಿಯುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು. ಇದನ್ನು ಅಚ್ಚು ಹಾಕಿಸಿ ಮನೆಮನೆಗೆ ಬಿಟ್ಟಿ ಕೊಡಬೇಕು, ಅದಕ್ಕೊಂದು ನಿಧಿ ಕೂಡಿಸಬೇಕು ಎಂದರು. ನಾನು ಆತು ಎಂದೆ. ಅಷ್ಟು ಬೇಗ ಆತು ಎಂದದ್ದು ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಧಿ ಕೂಡಿಸುವುದು ನನಗೆ ಹೊಸತಲ್ಲ. ದೇವಸ್ಥಾನದ ಮೆಟ್ಟಿಲಿಗೆ ಕೊಡುವವನು ಒಂದು ಮೆಟ್ಟಿಲಿಗೆ ಕೊಟ್ಟು ಎರಡು ಮೆಟ್ಟಿಲಿಗಾಗುವಷ್ಟು ಹೆಸರು ಕೆತ್ತಿಸುತ್ತಾನೆ. ಇಲ್ಲಿ ಹದಿನಾಲ್ಕು ಜನ ಕೊಟ್ಟರು. ಹದಿನಾಲ್ಕು ಜನವೂ ಹೆಸರು ಬೇಡವೆಂದರು. ರಶೀದಿ ಪುಸ್ತಕದ ತುಂಬ ಗುಪ್ತದಾನ, ಗುಪ್ತದಾನ. ಕಾಯಿ ವ್ಯಾಪಾರದ ಮಂಜ ನಾಯ್ಕ ನೂರು ರೂಪಾಯಿ ಎಣಿಸಿಟ್ಟು, ‘ನಾ ಕೊಟ್ಟೆ ಹೇಳಿ ನನ್ನ ಹೆಂಡ್ತಿಗೆ ಗೊತ್ತಾದ್ರೆ, ನಿನ್ನ ವಖಾರಿಲಿ ಒಂದು ಹಂಚು ಉಳೂದಿಲ್ಲ ನೋಡು’ ಎಂದ. ಹೆಂಡತಿಗೆ ಬೇಕಾದ ಪುಸ್ತಕಕ್ಕೆ ದುಡ್ಡು ಕೊಟ್ಟದ್ದು ಹೆಂಡತಿಗೇ ಗೊತ್ತಾಗಬಾರದು. ಮೂವರು, ಆ ರೋಗದ ಪುಟ ತೆಗೆದರೆ ಮಾತ್ರ ಕೊಡುವುದು ಎಂದು ಷರತ್ತು ಹಾಕಿದರು. ಆತು ಎಂದೆ, ತೆಗೆಯಲಿಲ್ಲ. ಕೊಟ್ಟವರು ಯಾರೂ ಪುಸ್ತಕ ಬಿಡಿಸಿ ನೋಡುವವರಲ್ಲ ಎಂದು ನನಗೆ ಗೊತ್ತಿತ್ತು. ಇಂದಿನವರೆಗೆ ಒಬ್ಬರೂ ಕೇಳಿಲ್ಲ.

ಇನ್ನು ಮುಖಪುಟ. ಅಲ್ಲಿ ನನ್ನ ಬುದ್ಧಿ ಓಡಿತು. ಡಾಕ್ಟರಬಾಯಿ ಬಸುರಿ ಹೆಂಗಸೊಬ್ಬಳ ಚಿತ್ರ ಹಾಕಿಸಿ ಎಂದಿದ್ದರು. ಅದನ್ನು ಹಾಕಿದರೆ ಪುಸ್ತಕ ಹೊಸಿಲು ದಾಟುವುದಿಲ್ಲ ಎಂದೆ. ಕುಮಟೆಯ ಅಚ್ಚುಕೂಟದಲ್ಲಿ ಕ್ಯಾಲೆಂಡರಿಗೆಂದು ಮಾಡಿಸಿದ ಲಕ್ಷ್ಮಿಯ ಬ್ಲಾಕು ಇತ್ತು. ತಾವರೆ, ಎರಡು ಆನೆ, ಕೈಯಿಂದ ಉದುರುವ ನಾಣ್ಯ ಎಲ್ಲ ಇದ್ದದ್ದು. ಅದನ್ನು ಹಾಕಿಸಿ ಕೆಳಗೆ ‘ತಾಯಂದಿರಿಗೆ ನಾಲ್ಕು ಮಾತು’ ಎಂದು ಅಚ್ಚು ಮಾಡಿಸಿದೆ. ಯಾವ ಅತ್ತೆಯೂ ಲಕ್ಷ್ಮಿಯನ್ನು ಒಲೆಗೆ ಹಾಕುವುದಿಲ್ಲ ಎಂಬುದು ನನ್ನ ಲೆಕ್ಕ. ‘ಒಲೆಗೆ ಹಾಕುವುದಿಲ್ಲ, ಸರಿ. ಓದ್ತಾರಾ?’ ಎಂದು ಡಾಕ್ಟರಬಾಯಿ ಕೇಳಿದರು. ಮೊದಲು ಮನೆಯೊಳಗೆ ಹೋಗಲಿ ಬಾಯಿಯವರೇ ಎಂದು ನಕ್ಕೆ.

ನಿಮ್ಮೂರಿನ ಜವಳಿ ಅಂಗಡಿ ಸಾಹೇಬರು ಎಲ್ಲರಿಗಿಂತ ಹೆಚ್ಚು ಕೊಟ್ಟವರು. ಅವರದ್ದೊಂದೇ ಬೇಡಿಕೆ: ಅವರ ಕೇರಿಯ ಮನೆಗಳಿಗೆ ಚಿತ್ರವಿಲ್ಲದ ಪುಸ್ತಕ ಬೇಕು. ಅವರಿಗೆಂದು ನೂರು ಪ್ರತಿಗೆ ಸಕ್ಕರೆ ಕಟ್ಟುವ ಕಂದು ಕಾಗದದ ಹೊದಿಕೆ ಹಾಕಿಸಿದೆ. ನೋಡಲು ಬಡಕಲಾಗಿತ್ತು. ಕೊಡುವಾಗ ನನಗೇ ನಾಚಿಕೆಯಾಯಿತು.

ಲಕ್ಷ್ಮಿಯದ್ದು ಒಂಬೈನೂರು ಪ್ರತಿ ಐದು ವಾರದಲ್ಲಿ ಖಾಲಿ. ಬೇಡವೆಂದವರು ಒಬ್ಬರೂ ಇಲ್ಲ. ನಿನಗೂ ಒಂದು ಕಳಿಸಿದೆ. ‘ಅತ್ತೆಯವರಿಗೆ ಬಹಳ ಸಂತೋಷವಾಯಿತು, ದೇವರ ಗೂಡಿನಲ್ಲಿಟ್ಟು ದಿನಾ ಹೂ ಹಾಕುತ್ತಾರೆ’ ಎಂದು ನೀನು ಬರೆದೆ. ಆ ಸಾಲನ್ನು ನಾನು ಡಾಕ್ಟರಬಾಯಿಯವರಿಗೆ ಓದಿ ತೋರಿಸಿ ಹೆಮ್ಮೆಪಟ್ಟೆ. ಅವರು ಕನ್ನಡಕ ಒರೆಸಿಕೊಂಡರು.

ಯಾರೋ ಹಂಚು ಕೇಳಲು ಬಂದಿದ್ದಾರೆ. ಈ ಸಲ ನಿಜವಾದ ಗಿರಾಕಿ.

ಗುರುವಾರ, ತಾ. ೨೪

ಮೂರು ದಿನ ಬಿಟ್ಟು ಮತ್ತೆ ಕೂತಿದ್ದೇನೆ. ನಿನ್ನೆ ಕುಮಟೆಗೆ ಹೋಗಿ ಬಂದೆ. ಅದನ್ನು ಆಮೇಲೆ ಬರೆಯುತ್ತೇನೆ. ವಖಾರಿಯಲ್ಲಿ ಒಂದು ಕಡೆ ಕೂರಲಾಗುತ್ತಿಲ್ಲ. ಎಣಿಸಿಟ್ಟ ಹಂಚನ್ನೇ ಎರಡು ಸಲ ಎಣಿಸಿದೆ.

ಈ ಸಲ ಮಳೆ ಹಿಡಿಯುವ ಮೊದಲು ಬಾಡ ಊರಿಗೆ ಹೋಗಿದ್ದೆ. ಅಲ್ಲಿ ತಿಮ್ಮಿ ಎಂದು ಒಬ್ಬಳಿದ್ದಾಳೆ. ಗದ್ದೆ, ಬದನೆ, ಈರುಳ್ಳಿ ಮಾಡಿಕೊಂಡಿರುವ ಮನೆ. ನಾಟಿಯ ಸಾಲಿನಲ್ಲಿ ಅವಳು ಹಾಡು ಎತ್ತಿದರೆ ಉಳಿದವರಿಗೆ ಬೆನ್ನು ನೋವು ಮರೆಯುತ್ತದೆ ಎನ್ನುತ್ತಾರೆ. ಹೋದ ವರ್ಷ ನಮ್ಮಲ್ಲೇ ಹಂಚು ಒಯ್ದದ್ದು. ಮಾಡಿನ ನೆತ್ತಿಯಲ್ಲಿ, ಕೋಡಿನ ಹತ್ತಿರ ಸೋರುತ್ತದೆ ಎಂದು ಹೇಳಿಕಳಿಸಿದ್ದಳು. ಮಾಡು ನೋಡಲು ಒಳಗೆ ಹೋದರೆ, ದೇವರ ಗೂಡಿನಲ್ಲಿ ನಮ್ಮ ಪುಸ್ತಕ. ಲಕ್ಷ್ಮಿಯ ಹಣೆಗೆ ಕುಂಕುಮ, ಆನೆಗಳಿಗೂ ಕುಂಕುಮ, ಮೇಲೊಂದು ದಾಸಾಳ ಹೂ. ಬದಿಯಿಂದ ನೋಡಿದೆ. ಅಚ್ಚುಕೂಟದಲ್ಲಿ ಅಂಚು ಕತ್ತರಿಸದೆ ಬಿಟ್ಟ ಹಾಳೆಗಳು ಅಂಟಿಕೊಂಡೇ ಇದ್ದವು. ಒಂದು ಪುಟವೂ ಬಿಡಿಸಿರಲಿಲ್ಲ.

‘ಯಾರ ಹತ್ರನಾದ್ರೂ ಓದ್ಸಿದ್ಯನೇ?’ ಎಂದೆ.

‘ದೇವ್ರನ್ನ ಓದ್ತ್ರಾ ನಾಯ್ಕರೇ? ಕೈ ಮುಗೂದು’ ಎಂದಳು.

‘ಅದ್ರ ಒಳಗೆ ಎಂತ ಉಂಟು ಹೇಳಿ ಗೊತ್ತುಂಟಾ?’

‘ದೇವ್ರ ಒಳಗೆ ಎಂತ ಉಂಟು ಹೇಳಿ ಯಾರಿಗೆ ಗೊತ್ತು?’

ಹಿತ್ತಿಲಲ್ಲಿ ನಗು ಕೇಳಿಸಿತು. ಕೊಟ್ಟಿಗೆಯ ಆಚೆ, ಆ ಮೂರು ದಿನ ಹೊರಗೆ ಕೂರುವವರ ಗುಡಿಸಲಿನಂಥ ಸಣ್ಣ ಮಾಡು. ತಿಮ್ಮಿಯ ಸೊಸೆ ಲಕ್ಕಿ ಅಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ನಿನ್ನದೇ ಪ್ರಾಯ; ನಾಲ್ಕು ಹೆತ್ತವಳು. ‘ಅದ್ರಲ್ಲಿ ಹೊರಗೆ ಕೂತವ್ರ ಸುದ್ದಿನೇ ಬರದ್ರು ಹೇಳಿ ಕೇಳ್ದೆ. ಹೊರಗೆ ಕೂತವ್ರು ಗೂಡಿಗೆ ಕೈ ಹಾಕೂಕಾಗೂದಿಲ್ಲ. ಚಲೋ ಮಾಡ್ದ್ರಿ ನಾಯ್ಕರೇ’ ಎಂದಳು.

ನನ್ನ ಇಡೀ ಬದುಕಿನಲ್ಲಿ ನನಗೆ ಬಾಯಿ ಬಾರದೇ ಹೋದದ್ದು ಎರಡು ಸಲ. ಅದರಲ್ಲಿ ಇದೊಂದು.

ಬರುವಾಗ ದಾರಿಯ ಮೇಲಿನ ಮನೆಗಳನ್ನೆಲ್ಲ ಹೊಕ್ಕು ನೋಡಿದೆ. ಹಂಚಿನ ನೆಪ ಇದ್ದೇ ಇತ್ತು. ನಲವತ್ತು ಮನೆಯಲ್ಲಿ ಮೂವತ್ತೊಂದು ಪುಸ್ತಕ ಗೂಡಿನಲ್ಲಿ, ಆರು ಗೋಡೆಯ ಮೊಳೆಗೆ. ಎರಡು ಕಾಣಲಿಲ್ಲ. ಓದಿ ಮಾಸಿದ್ದು ಒಂದು. ಅದೂ ಆ ಮನೆಯ ಮುದುಕ ಬೀರಪ್ಪ ಚಟಕ್ಕೆ ಓದಿದ್ದು. ಅತ್ತೆ ಎಸೆಯದ ಹಾಗೆ ಮಾಡಿದ್ದೆ. ಸೊಸೆ ಮುಟ್ಟದ ಹಾಗೂ ಮಾಡಿದ್ದೆ.

ಅದೇ ವಾರ ನಿಮ್ಮೂರಿನ ಸಾಹೇಬರ ಚೀಟಿ ಬಂತು. ಆ ಕಂದು ಕಾಗದದ ಪುಸ್ತಕಗಳು ಹರಿದು ಹೋಗಿವೆಯಂತೆ, ಇನ್ನೂ ಐವತ್ತು ಬೇಕಂತೆ. ಅವರ ಮನೆಯಲ್ಲಿ ಕನ್ನಡ ಶಾಲೆ ಕಲಿತ ಸೊಸೆಯೊಬ್ಬಳಿದ್ದಾಳೆ. ಮಧ್ಯಾಹ್ನ ಅವಳು ಓದಿ ತಮ್ಮ ಮನೆಮಾತು ನವಾಯತಿಯಲ್ಲಿ ಹೇಳುವುದು, ಸುತ್ತ ಕೂತವರು ಕೇಳುವುದು. ನಾನು ನಾಚಿಕೆಪಟ್ಟು ಕೊಟ್ಟ ಮಾಲು ಹೀಗೆ ಖರ್ಚಾಗಿತ್ತು. ಹೆಮ್ಮೆಪಟ್ಟು ಕೊಟ್ಟದ್ದಕ್ಕೆ ಹೂ ಬೀಳುತ್ತಿತ್ತು.

ಡಾಕ್ಟರಬಾಯಿಯವರ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. ನಿಧಿಯಲ್ಲಿ ಎರಡನೆಯ ಮುದ್ರಣಕ್ಕೆ ಎತ್ತಿಟ್ಟ ದುಡ್ಡಿತ್ತು. ಅದನ್ನು ಅಚ್ಚಿಗೆ ಹಾಕುವುದು ಬೇಡ, ಓದಿ ಹೇಳುವವರಿಗೆ ಸಂಬಳ ಕೊಡೋಣ ಎಂದೆ. ಎಲ್ಲಿ ಓದುವುದು ಎಂದರು ಅವರು. ಜಗಲಿಯಲ್ಲಿ ಗಂಡಸರು, ಅಡುಗೆಮನೆಯಲ್ಲಿ ಅತ್ತೆ, ಗದ್ದೆಯಲ್ಲಿ ಕೆಲಸ. ನಾನು ಲಕ್ಕಿ ಕೂತ ಜಾಗವನ್ನೇ ಹೇಳಿದೆ. ಆ ಮೂರು ದಿನ ಆ ಮಾಡಿನ ಹತ್ತಿರ ಗಂಡಸು ಸುಳಿಯುವುದಿಲ್ಲ, ಒಳಗಿನ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಹೆಂಗಸಿನ ಕೈ ಖಾಲಿ ಇರುವುದು ತಿಂಗಳಿಗೆ ಅದೇ ಮೂರು ದಿನ. ಡಾಕ್ಟರಬಾಯಿ, ‘ಇದಕ್ಕೆ ಲಕ್ಷ್ಮಿ ಬೇಡವಾ?’ ಎಂದರು. ಅಷ್ಟು ಅವರು ಹೇಳಲೇಬೇಕಿತ್ತು.

ಹಾಗೆ ನೀಲಾ ಎಂಬ ಸೂಲಗಿತ್ತಿ ತರಬೇತಿಯಾದ ಹುಡುಗಿ ಈಗ ನಿಧಿಯ ಸಂಬಳದಲ್ಲಿ ಊರೂರು ತಿರುಗುತ್ತಾಳೆ. ಗೂಡಿನಲ್ಲಿದ್ದ ಪುಸ್ತಕ ಹೊರಗೆ ತರುವುದು ಹೇಗೆ ಎಂಬುದಕ್ಕೆ ತಿಮ್ಮಿಯೇ ದಾರಿ ಮಾಡಿದಳು. ಮಿಂದು ಬಂದು, ಕೈ ಮುಗಿದು, ಹೊದಿಕೆಯ ದಾರ ಬಿಡಿಸಿ ಲಕ್ಷ್ಮಿಯನ್ನು ಗೂಡಿನಲ್ಲೇ ಇಟ್ಟು, ಒಳಗಿನ ಹಾಳೆಗಳನ್ನು ಮಾತ್ರ ನೀಲಾಳಿಗೆ ಕೊಟ್ಟಳು. ‘ದೇವ್ರು ಒಳಗಿರ್ಲಿ, ಕಾಗದ ಹೊರಗೆ ಹೋಗ್ಲಿ’ ಎಂದಳಂತೆ. ಉಳಿದ ಮನೆಯವರು ಅವಳನ್ನು ನೋಡಿ ಹಾಗೆಯೇ ಮಾಡಿದರು.

ಮಳೆ ಜೋರಾದಾಗ ಲಕ್ಕಿಯ ಮಾಡು ಸೋರಿ ಹಾಳೆ ತೋಯ್ದವು. ಆಗ ನನಗೆ ಹೊಳೆದದ್ದನ್ನು ನಿನಗೆ ಹೇಳುತ್ತೇನೆ. ಮನೆಗೆ ಹಂಚು ಬಂತು, ಕೊಟ್ಟಿಗೆಗೂ ಬಂತು. ಹೊರಗೆ ಕೂರುವ ಮಾಡಿಗೆ ಮಾತ್ರ ಇನ್ನೂ ಮಡಲು. ಇಷ್ಟು ವರ್ಷದ ವ್ಯಾಪಾರದಲ್ಲಿ ಆ ಮಾಡಿಗೆಂದು ಒಬ್ಬನೂ ನನ್ನ ಹತ್ತಿರ ಒಂದು ಹಂಚು ಕೇಳಿಲ್ಲ. ನಾನೂ ಯಾರಿಗೂ ಬೇಕು ಅನ್ನಿಸಿರಲಿಲ್ಲ. ಅಂಚು ಚಕ್ಕೆ ಹಾರಿದ ಎಪ್ಪತ್ತು ಹಂಚು ಗಾಡಿಯಲ್ಲಿ ಹಾಕಿ ಕಳಿಸಿದೆ. ತಿಮ್ಮಿಯ ಮಗ, ಅಲ್ಲಿಗೆಂತಕ್ಕೆ ಹಂಚು ಎಂದು ಗೊಣಗಿದನಂತೆ. ತಿಮ್ಮಿ, ‘ನಿನ್ನ ಹೆತ್ತ ಜಾತಿ ಕೂರೂ ಜಾಗ ಅದು, ಏಣಿ ಹಿಡಿ’ ಎಂದಳಂತೆ.

ಪುಸ್ತಕ ಪೂರ್ತಿ ಕೇಳಿದ ಮೇಲೆ ಲಕ್ಕಿ ನೀಲಾಳನ್ನು ಕೇಳಿದ್ದು ಒಂದೇ: ‘ಇಷ್ಟೆಲ್ಲ ಬರದ್ರಲೆ, ಇದನ್ನ ಗಂಡಂಗೆ ಹೇಳೂದು ಹೆಂಗೆ ಹೇಳಿ ಬರದ್ರಾ?’ ನೀಲಾ ಪುಟ ತಿರುವಿ ನೋಡಿದಳು. ಇರಲಿಲ್ಲ. ಡಾಕ್ಟರಬಾಯಿ ಈಗ ಆ ಪುಟ ಬರೆಯುತ್ತಿದ್ದಾರೆ. ತಿಮ್ಮಿ ಮಾತ್ರ ಕಾಯಲಿಲ್ಲ. ಕರು ಕಟ್ಟುವ ನೆಪದಲ್ಲಿ ಹತ್ತಿರ ನಿಂತು ಕೇಳಿಸಿಕೊಂಡದ್ದನ್ನೆಲ್ಲ ನಾಟಿಯ ಹಾಡಿಗೆ ಹೊಂದಿಸಿದ್ದಾಳೆ. ಬದುವಿನ ಮೇಲೆ ನಿಂತ ಗಂಡಸರು ಹಳೆಯ ಹಾಡೆಂದುಕೊಂಡು ತಲೆದೂಗುತ್ತಾರೆ.

ಇದಿಷ್ಟು ಪುಸ್ತಕದ ಕಥೆ. ಇನ್ನು ನಿನ್ನೆಯದು.

ನಿನ್ನ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡೇ ಕುಮಟೆಗೆ ಹೋದೆ. ರೋಗಿಗಳೆಲ್ಲ ಹೋದ ಮೇಲೆ ನೀನು ಕೇಳಿದ್ದನ್ನು ಕೇಳಿದೆ. ಡಾಕ್ಟರಬಾಯಿಯವರು ನಿನ್ನ ಹೆಸರು ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ‘ಅವಳಿಗೆ ಇನ್ನೂ ಗೊತ್ತೇ ಇಲ್ಲವಾ?’ ಎಂದರು. ಹಾಲು ತುಪ್ಪದ ವಿಷಯ ಹೇಳಿದೆ. ‘ನಾನೂ ಎಲ್ಲರ ಹಾಗೇ ಮಾಡಿದೆ ನಾಯ್ಕರೇ. ಪುಸ್ತಕ ಬರೆದು ಹೆಂಗಸರಿಗೆ ಕೊಟ್ಟೆ, ಮಾತು ಮಾತ್ರ ಗಂಡನ ಕೈಯಲ್ಲಿ ಕಳಿಸಿದೆ’ ಎಂದರು.

ನನಗೆ ಹೇಳಿ, ನಾನು ಬರೆದು ತಿಳಿಸುತ್ತೇನೆ ಎಂದೆ.

‘ಇಲ್ಲ. ಒಬ್ಬ ಗಂಡಸಿಗೆ ಹೇಳಿ ಕಳಿಸಿದ್ದು ಹೊಳೆಯಲ್ಲಿ ಮುಳುಗಿತು. ಇನ್ನೊಬ್ಬನಿಗೆ ಹೇಳುವುದಿಲ್ಲ. ಮೈ ಅವಳದು. ಅವಳನ್ನೇ ಕಳಿಸಿ.’

ನಾನು ಅವಳ ಅಪ್ಪ ಎಂದೆ.

‘ಅದಕ್ಕೇ’ ಎಂದರು. ಬಾಗಿಲವರೆಗೆ ಬಂದು, ‘ಮತ್ತೆ ದಿನ ತಪ್ಪುವ ಮೊದಲು ಬರಲಿ’ ಎಂದೂ ಹೇಳಿದರು.

ಹಾಗಾಗಿ ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಮಗಾ. ಊಹೆ ಇದೆ, ಊಹೆಯನ್ನು ಟಪಾಲಿಗೆ ಹಾಕಬಾರದು. ನೀನು ಹೀಗೆ ಮಾಡು. ಈ ಕಾಗದ ಮುಟ್ಟಿದ ಮರುದಿನವೇ ರವಿಕೆ ಬಟ್ಟೆಗೆಂದು ಜವಳಿ ಸಾಹೇಬರ ಅಂಗಡಿಗೆ ಹೋಗು. ನನ್ನ ಹೆಸರು ಹೇಳಿದರೆ ಕಂದು ಕಾಗದದ ಪುಸ್ತಕಗಳಲ್ಲಿ ಹರಿಯದೆ ಉಳಿದದ್ದೊಂದನ್ನು ಬಟ್ಟೆಯ ಕಟ್ಟಿನಲ್ಲಿ ಇಟ್ಟು ಕೊಡುತ್ತಾರೆ. ಇಪ್ಪತ್ತೆರಡನೆಯ ಪುಟದಿಂದ ಓದು. ಬರುವ ಗುರುವಾರ ಮೊದಲ ಬಸ್ಸಿಗೆ ಹೊರಟು ಬಾ. ಹೊಳೆಯ ಈಚೆ ದಡದಲ್ಲಿ ನಾನು ನಿಂತಿರುತ್ತೇನೆ. ಇಬ್ಬರೂ ಕುಮಟೆಗೆ ಹೋಗೋಣ. ಒಳಗೆ ನೀನೊಬ್ಬಳೇ ಹೋಗುವುದು. ನಾನು ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ನೀನು ಹೇಳಿದರೆ ಕೇಳುತ್ತೇನೆ, ಹೇಳದಿದ್ದರೆ ಕೇಳುವುದಿಲ್ಲ.

ಅತ್ತೆಯವರು ಬಿಡುತ್ತಾರೋ ಇಲ್ಲವೋ ಎಂದು ಹೆದರಬೇಡ. ಗೂಡಿನಲ್ಲಿರುವ ಲಕ್ಷ್ಮಿ ಪುಸ್ತಕವನ್ನು ಬರೆದ ಬಾಯಿಯವರೇ ಕರೆಸಿದ್ದಾರೆ ಎಂದು ಹೇಳು. ಎರಡು ವರ್ಷ ಹೂ ಹಾಕಿದ ಕೈ ಅದಕ್ಕೆ ಅಡ್ಡ ಬರಲಾರದು. ನನ್ನ ಆ ಮುಖಪುಟದಿಂದ ಇಷ್ಟಾದರೂ ಹುಟ್ಟಲಿ.

ಅಳಿಯಂದಿರನ್ನು ಬೈಯಬೇಡ. ಅವರೂ ಬರುವುದಾದರೆ ಬರಲಿ. ನನ್ನ ಬೆಂಚಿನಲ್ಲಿ ಜಾಗವಿದೆ. ಮಾಮಲೇದಾರ ಕಚೇರಿಯಲ್ಲಿ ಊರಿಗೆಲ್ಲ ಅರ್ಜಿ ಓದಿ ಹೇಳುವವರಿಗೆ ಮನೆಯ ಒಂದು ಮಾತು ಹೇಳಲಾಗಲಿಲ್ಲ. ವೆಂಕಟ ಕೆಟ್ಟವರಲ್ಲ. ನನಗಿಂತ ಕೆಟ್ಟವರಂತೂ ಅಲ್ಲವೇ ಅಲ್ಲ.

ಕೂಸುಗಳಿಗೆ ನನ್ನ ಮುತ್ತು. ದೊಡ್ಡದನ್ನು ಈ ವರ್ಷ ತಪ್ಪದೆ ಶಾಲೆಗೆ ಹಾಕು. ಅತ್ತೆಯವರಿಗೂ ಅಳಿಯಂದಿರಿಗೂ ನಮಸ್ಕಾರ ತಿಳಿಸು. ನಿನಗೆ ನೂರು ವರ್ಷ ಆಯುಷ್ಯವಿರಲಿ. ಅದರಲ್ಲಿ ಒಂದು ದಿನವನ್ನೂ ಬೇರೆಯವರ ಬಾಯಿಂದ ಕೇಳಿ ತಿಳಿಯುವ ಹಾಗೆ ಆಗದಿರಲಿ.

ನಿನ್ನ ಅಪ್ಪ,
ಜಟ್ಟಿ ಮಾಸ್ತಿ ನಾಯ್ಕ

ತಾ. ಕ. ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಡಿಸಿದ್ದೇನೆ.

ಹಾಲು ತುಪ್ಪದ ಮಾತು ವೆಂಕಟರದ್ದಲ್ಲ. ಅದು ನನ್ನದು. ಹದಿನಾರು ವರ್ಷದ ಹಿಂದೆ ಅದೇ ಹೊಳೆಯಲ್ಲಿ, ಅದೇ ತರದ ದೋಣಿಯಲ್ಲಿ, ನಾನು ನಿನ್ನ ಅವ್ವಿ ಹೊನ್ನಿಗೆ ಹೇಳಿದ್ದು. ಆಗ ನಾವಿನ್ನೂ ಹೊಳೆಯಾಚೆ ಕಾಸರಕೋಡಿನಲ್ಲಿದ್ದೆವು. ನಾನು ಬಂದರಿನಲ್ಲಿ ಮೂಟೆ ಹೊರುತ್ತಿದ್ದೆ. ಹೊನ್ನಿ ಐದು ಹೆತ್ತು ನಿನ್ನೊಬ್ಬಳನ್ನು ಉಳಿಸಿಕೊಂಡಿದ್ದಳು. ಐದನೆಯದರಲ್ಲಿ ಅವಳು ಬದುಕಿದ್ದೇ ಹೆಚ್ಚು. ಕುಮಟೆಯ ಆಗಿನ ಮುದುಕ ಡಾಕ್ಟರರು ಒಂದು ಚೀಟಿ ಬರೆದು ನನಗೆ ಕೊಡಲಿಲ್ಲ, ಅವಳ ಕೈಗೇ ಕೊಟ್ಟರು. ಅವಳಿಗೆ ಓದು ಬಾರದು. ದೋಣಿಯಲ್ಲಿ ನನ್ನ ಮುಂದೆ ಹಿಡಿದು, ‘ಎಂತ ಬರದ್ರು ನೋಡಿ’ ಎಂದಳು. ಮೂಟೆಯ ಮೇಲಿನ ಗುರುತು ಓದಿ ಓದಿ ಅಕ್ಷರ ಕಲಿತವ ನಾನು. ಹತ್ತು ಜನರೆದುರು ಓದುವುದೆಂದರೆ ನನಗೆ ಹೆಮ್ಮೆ. ಎರಡೇ ಸಾಲು ಇತ್ತು. ಇನ್ನು ಬಸಿರಾಗಕೂಡದು, ಬಸಿರಾದರೆ ಜೀವ ಉಳಿಯುವುದಿಲ್ಲ ಎಂದಿತ್ತು. ಬಾಯಿ ಬಾರದೇ ಹೋದ ಇನ್ನೊಂದು ಸಲ ಅದು. ಜನರ ನಾಚಿಕೆ ಅರ್ಧ. ಉಳಿದ ಅರ್ಧವನ್ನೂ ಬರೆದುಬಿಡುತ್ತೇನೆ: ನನಗೆ ಗಂಡು ಕೂಸು ಬೇಕಿತ್ತು. ಹಾಲು ತುಪ್ಪ ಚಲೋ ಉಣ್ಣಬೇಕಂತೆ ಎಂದೆ. ‘ಅದಕ್ಕೂ ಚೀಟಿ ಬೇಕಾ?’ ಎಂದು ಅವಳು ನಕ್ಕಳು.

ಜೀವ ಉಳಿಸಿದ ಕೈ ಬರೆದದ್ದೆಂದು ಆ ಚೀಟಿಯನ್ನು ಅವಳು ದೇವರ ಗೂಡಿನಲ್ಲಿಟ್ಟಳು. ಕುಂಕುಮ ಹಚ್ಚಿದಳು. ದಿನಾ ಅದಕ್ಕೆ ಕೈ ಮುಗಿದಳು. ನಾನು ಅದನ್ನು ನೋಡುತ್ತ ಉಂಡೆ, ನೋಡುತ್ತ ಮಲಗಿದೆ. ಹದಿಮೂರು ತಿಂಗಳಿಗೆ ಆರನೆಯದರ ಜೊತೆ ಹೋದಳು. ನಿನಗೆ ಒಂಬತ್ತು ವರ್ಷ. ಜ್ವರ ಎಂದು ನಿನಗೆ ಹೇಳಿದವನೂ ನಾನೇ.

ಗೂಡಿಗೆ ಹೋದ ಕಾಗದವನ್ನು ಯಾರೂ ಓದುವುದಿಲ್ಲ ಎಂದು ಈ ಮೂರು ತಾಲೂಕಿನಲ್ಲಿ ಒಬ್ಬನಿಗೆ ಗೊತ್ತಿರಬೇಕಿದ್ದರೆ ಅದು ನನಗೆ. ಆದರೂ ಲಕ್ಷ್ಮಿಯನ್ನು ಹಾಕಿಸಿದೆ. ರಶೀದಿ ಪುಸ್ತಕದ ಮೊದಲ ಗುಪ್ತದಾನ ಯಾರದೆಂದು ಇನ್ನು ನಿನಗೆ ಹೇಳಬೇಕಾಗಿಲ್ಲ.

ಆ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಯಾರ ಕೈಗೂ ಕೊಡದೆ ನೀನೇ ಓದು. ಕುಂಕುಮ ಇಳಿದು ಅವಳ ಹೆಸರು ಅಳಿಸಿಹೋಗಿದೆ. ಉಳಿದದ್ದೆಲ್ಲ ಸ್ಪಷ್ಟವಾಗಿದೆ.